ಫಾದರ್ ಅವರ ಎಡಗಿವಿ

ಫಾದರ್ ಅವರ ಎಡಗಿವಿ ಕೇಳಿಸುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಯಾರ ಮನೆ ನಲ್ಲಿ ಸೋರಿದರೂ ಸ್ಪ್ಯಾನರ್ ಹಿಡಿದು ಹೊರಡುವ, ಆಸ್ಪತ್ರೆಗೆ ಗಂಜಿ ಹೊರುವ, ಅತ್ತೆ ಸೊಸೆಯರ ಜಗಳ ಬಿಡಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಂಡು ನಗುತ್ತ ಬರುವ ಅವರನ್ನು ಎಡಗಡೆಯಿಂದ ಕರೆಯುವವರು ಗಂಟಲು ಹರಿಯುವಂತೆ ಕೂಗಬೇಕಿತ್ತು. ಪಾಪನಿವೇದನೆಗೆ ಮಾತ್ರ ಎಲ್ಲರಿಗೂ ಇವರೇ ಬೇಕು, ಯಾಕೆಂದರೆ ಪಾಪ ಹೇಳಿಕೊಳ್ಳುವವರಿಗೂ ತಮಗೂ ನಡುವಿನ ಜಾಲರಿಗೆ ಅವರು ಒಡ್ಡುತ್ತಿದ್ದುದು ಅದೇ ಕಿವಿ. “ದೇವರಿಗೆ ಕೇಳ್ಸುತ್ತೆ, ಫಾದರ್‌ಗೆ ಕೇಳ್ಸಲ್ಲ, ಇನ್ನೇನು ಬೇಕು?” ಎನ್ನುತ್ತಿದ್ದ ದರ್ಜಿ. ಫಾದರ್ ಮನೆಯ ಅಡುಗೆಯಮ್ಮನೂ ವರ್ಷಗಟ್ಟಲೆ ಅಲ್ಲೇ ಮನಸ್ಸು ಹಗುರ ಮಾಡಿಕೊಂಡವಳು. ಆದರೂ ಅವಳಿಗೊಂದು ಕುತೂಹಲ. “ಕಿವಿಗೆ ಏನಾಗಿತ್ತು ಫಾದರ್?” ಎಂದು ಕೇಳಿದಾಗೆಲ್ಲ, “ಕೇಳ್ಸಲ್ಲ ಅಂತ ಎಲ್ರೂ ಹೇಳ್ತಾರಮ್ಮ” ಎಂದು ಅವರು ಎದ್ದು ಹೋಗುತ್ತಿದ್ದರು. ಒಂದು ದಿನ ಫಾದರ್ ಅಡುಗೆಮನೆಯಲ್ಲಿ ಕೂತು, ಫೋನನ್ನು ಬಲಗಿವಿಗೆ ಒತ್ತಿಕೊಂಡು ಯಾರದೋ ಗೋಳು ಕೇಳುತ್ತಿದ್ದರು. ಅವರ ಎಡಕ್ಕೆ ನಿಂತು ಸಾರು ತಿರುವುತ್ತಿದ್ದ ಅವಳು, “ಅಯ್ಯೋ, ಉಪ್ಪೇ ಹಾಕಿಲ್ಲ” ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು. ಫಾದರ್ ತಿರುಗಿಯೂ ನೋಡದೆ ಉಪ್ಪಿನ ಡಬ್ಬಿಯನ್ನು ಅವಳತ್ತ ಸರಿಸಿದರು. ಸೌಟು ಹಿಡಿದ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಆ ಕಿವಿಗೆ ಸುರಿದದ್ದೆಲ್ಲ ನೆನಪಾಗಿ ಅವಳ ಮುಖ ಕೆಂಪಾಯಿತು. ಅಷ್ಟನ್ನೂ ಕೇಳಿಸಿಕೊಂಡೇ ಇವರು ಪ್ರತಿಸಲವೂ, ಏನೂ ತಿಳಿಯದವರ ಹಾಗೆ, ತನ್ನ ಕೈಯಡುಗೆ ಹೊಗಳಿ ಉಣ್ಣುತ್ತಿದ್ದರೇ? ಅಷ್ಟರಲ್ಲಿ ದರ್ಜಿ ಬಾಗಿಲಿಗೆ ಬಂದು, “ಫಾದರ್ ಇದ್ದಾರಾ?” ಎಂದ. ಅಡುಗೆಯಮ್ಮ ಫಾದರ್ ಅವರ ಎಡಗಿವಿಗೆ ಬಾಯಿಟ್ಟು, ಪಾತ್ರೆಗಳು ಅದುರುವಂತೆ ಕೂಗಿದಳು: “ಫಾದರ್, ದರ್ಜಿ ಬಂದಿದ್ದಾನೆ.”