ಕೆಂಪಾಜಮ್ಮ ಬೇಯಿಸಿದ ಬ್ಯಾರನ್

ನಗಬಾರದಿತ್ತು. ಅವತ್ತು ನಕ್ಕವರಲ್ಲಿ ಮೊದಲಿಗ ನಾನೇ. ಅದಕ್ಕೇ ಈ ಕಥೆಯನ್ನು ನಾನೇ ಬರೆಯಬೇಕಾಗಿದೆ.

ನನ್ನ ಹೆಸರು ನೀಲಕಂಠಸ್ವಾಮಿ. ಕಂಪಲಾಪುರದ ಹತ್ತಿರ ಹೊಗೆಸೊಪ್ಪು ಬೆಳೆಯುತ್ತೇನೆ. ಅದನ್ನು ಬೇಯಿಸುವುದಕ್ಕೆ ಹೊಲದ ತುದಿಯಲ್ಲಿ ಒಂದು ಬ್ಯಾರನ್ ಇದೆ. ಎತ್ತರದ ಗೋಡೆಯ ಒಂಟಿ ಕೋಣೆ, ಹೊರಗೆ ಒಲೆ, ಒಳಗೆ ಬಿಸಿ ಹರಿಯುವ ತಗಡಿನ ಕೊಳವೆ, ಸೊಪ್ಪು ಹಳದಿಯಾದ ಮೇಲೆ ಹಬೆ ಹೊರಗೆ ಬಿಡಲು ಗಾಳಿಕಿಂಡಿ, ಮೇಲೆ ಕಡ್ಡಿಗಳಲ್ಲಿ ಸಾಲುಸಾಲಾಗಿ ತೂಗುವ ಸೊಪ್ಪು. ಐದಾರು ದಿನ ಬೆಂಕಿಯನ್ನು ಹದವಾಗಿ ಏರಿಸುತ್ತ ಹೋದರೆ ಹಸಿರು ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತದೆ. ಅವಸರ ಮಾಡಿದರೂ ಕೆಡುತ್ತದೆ, ತಡ ಮಾಡಿದರೂ ಕೆಡುತ್ತದೆ. ಕೆಟ್ಟ ಸೊಪ್ಪನ್ನು ಹರಾಜಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ಕೆಂಪಾಜಮ್ಮ ನಮ್ಮಲ್ಲಿ ಕೂಲಿಗೆ ಬರತೊಡಗಿ ಮೂವತ್ತು ವರ್ಷವಾಯಿತು. ಗಿಡದಿಂದ ಸೊಪ್ಪು ಮುರಿಯುವುದು, ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು, ಬೆಂದದ್ದನ್ನು ಬಿಚ್ಚುವುದು ಹೆಂಗಸರ ಕೆಲಸ. ಒಲೆ ಗಂಡಸರದು. ಪೂಜೆ ಮಾಡಿ ಬೆಂಕಿ ಹಚ್ಚಿದ ಮೇಲೆ ಹೆಂಗಸರು ಬ್ಯಾರನ್ ಹೊಸಿಲು ತುಳಿದರೆ ಬಣ್ಣ ಕೆಡುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿಕೊಂಡು ಬಂದೆ. ಯಾಕೆ ಅಂತ ಒಂದು ದಿನವೂ ಕೇಳಿಕೊಂಡವನಲ್ಲ.

ಕಳೆದ ಶ್ರಾವಣದಲ್ಲಿ ಹುಣಸೂರಿನ ಕಾಲೇಜಿನಿಂದ ಸ್ಪಂದನಾ ಎಂಬ ಹುಡುಗಿ ಬಂದಳು. ಕೂಲಿ ಹೆಂಗಸರ ದಿನಚರಿ, ಇಷ್ಟ, ಆಸೆಗಳನ್ನು ಕೇಳಿ ಬರೆದುಕೊಳ್ಳಬೇಕಂತೆ. ಕೆಂಪಾಜಮ್ಮ ಸೊಪ್ಪು ಕಟ್ಟುತ್ತಲೇ ಉತ್ತರ ಕೊಡಲು ಕೂತಳು.

"ಉದ್ಯೋಗ?" ಎನ್ನುತ್ತ ಆ ಹುಡುಗಿ ಯಾಕೋ ನನ್ನ ಕಡೆ ನೋಡಿದಳು.

"ಕೂಲಿ ಅಂತ ಬರ್ಕೊಳಮ್ಮ," ಎಂದೆ.

"ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಾ?"

"ಕೋಳಿಗಿಂತ ಮುಂಚೆ. ನಮ್ ಕೋಳಿ ಸೋಮಾರಿ ಕಣವ್ವ."

"ಇಷ್ಟವಾದ ಊಟ?"

"ಬ್ಯಾರೆಯೋರು ಮಾಡಿಕ್ಕಿದ್ದು ಯಾವ್ದಾದ್ರೂ ಸೈ."

"ನಿಮಗೆ ಖುಷಿ ಕೊಡೋ ಹವ್ಯಾಸ?"

"ಸೊಪ್ಪು ಮೂಸೋದು."

ಜೊತೆಗೆ ಸೊಪ್ಪು ಕಟ್ಟುತ್ತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಸ್ಪಂದನಾ ಮುಂದಿನ ಪ್ರಶ್ನೆಗೆ ಹೋದಳು. "ನಿಮ್ಮ ಜೀವನದ ದೊಡ್ಡ ಆಸೆ ಯಾವುದು?"

ಕೆಂಪಾಜಮ್ಮನ ಕೈ ನಿಂತಿತು. "ಒಂದ್ಸಲನಾದ್ರೂ ಬ್ಯಾರನ್ ನಾನೇ ಬೇಯಿಸ್ಬೇಕು ಕಣವ್ವ," ಎಂದಳು.

ನಾನು ಜೋರಾಗಿ ನಕ್ಕುಬಿಟ್ಟೆ. ಒಲೆ ನೋಡಿಕೊಳ್ಳುವ ಚಿಕ್ಕಮಾದಯ್ಯ, "ಸಾರು ಬೇಯಿಸ್ದಂಗೆ ಅನ್ಕೊಂಡವ್ಳೆ," ಎಂದು ಇನ್ನಷ್ಟು ನಗಿಸಿದ. ಅವಳು ಮಾತ್ರ ನಗಲಿಲ್ಲ. "ನಗೋರು ನಗ್ಲಿ, ನೀನ್ ಬರ್ಕೊ," ಎಂದು ಮತ್ತೆ ಕಡ್ಡಿ ಎತ್ತಿಕೊಂಡಳು. ಬರೆದದ್ದನ್ನು ಓದಿ ಹೇಳಲು ತಿಂಗಳಲ್ಲಿ ಮತ್ತೆ ಬರುತ್ತೇನೆಂದು ಹುಡುಗಿ ಹೊರಟಳು.

ಅದೇ ಸೊಪ್ಪನ್ನು ಅವತ್ತು ಸಂಜೆ ಬ್ಯಾರನ್‌ಗೆ ತುಂಬಿ ಬೆಂಕಿ ಹಚ್ಚಿದೆವು. ಆ ವರ್ಷದ ಒಳ್ಳೆಯ ಸೊಪ್ಪೆಲ್ಲ ಅದರಲ್ಲೇ ಇತ್ತು. ಮಾರನೆಯ ದಿನ ಮಧ್ಯಾಹ್ನ ಚಿಕ್ಕಮಾದಯ್ಯನಿಗೆ ಅವನೂರು ಹ್ಯಾಂಡ್‌ಪೋಸ್ಟ್‌ನಿಂದ ಫೋನ್ ಬಂತು. ಅವನ ಅಣ್ಣ ತೀರಿಕೊಂಡಿದ್ದ. "ಒಲೆ ಮಂದ ಮಡಿಕೊಳಿ ಸ್ವಾಮಣ್ಣ. ಗಾಳಿಕಿಂಡಿ ನಾಳೆ ಬೆಳಿಗ್ಗೆ ತೆಗೀರಿ, ಅದಕ್ಕೂ ಮುಂಚೆ ಬ್ಯಾಡ," ಎಂದು ಹೇಳಿ, ಕಣ್ಣೊರೆಸಿಕೊಳ್ಳುತ್ತ ಬಸ್ಸು ಹತ್ತಿದ.

ಮೂರು ಗಂಟೆಯಿರಬಹುದು. ನಾನು ಒಲೆ ಮುಂದೆ ಕೂತಿದ್ದೆ. ಹೊಲದಿಂದ ಬರುತ್ತಿದ್ದ ಕೆಂಪಾಜಮ್ಮ ಹತ್ತು ಹೆಜ್ಜೆ ದೂರದಲ್ಲೇ ನಿಂತು ಮೂಗರಳಿಸಿದಳು.

"ಸ್ವಾಮಣ್ಣ, ಈಗ್ಲೇ ಕಿಂಡಿ ತೆಗೀರಿ. ಬಣ್ಣ ಆಗೋಗ್ಯದೆ."

"ಚಿಕ್ಕಮಾದಣ್ಣ ನಾಳೆ ಅಂದವ್ನೆ."

"ಅವ್ರು ಒಲೆ ನೋಡಿ ಅಂದವ್ರೆ. ಸೊಪ್ಪು ಮುರಿದೋಳು ನಾನು. ಮಳೆ ಅಂತ ನಾಕು ದಿನ ತಡವಾಗಿ ಮುರಿದ್ವಲ್ಲ, ಗಿಡದಲ್ಲೇ ಮಾಗಿತ್ತು. ಬ್ಯಾಗ ತಿರುಗ್ತದೆ."

"ಒಲೆ ಮುಂದೆ ಒಂದಿನ ಕೂತೋಳಲ್ಲ. ನಿನಗೆಂಗೆ ಗೊತ್ತು?"

"ಮೂವತ್ತೊರ್ಷ ಬಿಚ್ಚಿವ್ನಿ ಕಣಣ್ಣ. ಯಾವತ್ತು ಬೆಂಕಿ ಜಾಸ್ತಿ ಆಯ್ತು, ಯಾವತ್ತು ಕಿಂಡಿ ಮರ್ತ್ರು, ಎಲ್ಲಾ ಬೆಂದ ಸೊಪ್ಪಲ್ಲೇ ಇರ್ತದೆ. ಯಾರೂ ಕೇಳ್ಲಿಲ್ಲ, ನಾನ್ ಹೇಳ್ಲಿಲ್ಲ."

ನನಗೆ ಹೆದರಿಕೆಯಾಯಿತು. ಅವಳ ಮಾತು ಕೇಳಿ ಬೇಗ ಕಿಂಡಿ ತೆಗೆದರೆ ಹಸಿರು ಹಾಗೇ ಉಳಿದುಬಿಡಬಹುದು. ಕೇಳದಿದ್ದರೆ ನಾಳೆಯ ಹೊತ್ತಿಗೆ ಕಪ್ಪಾಗಬಹುದು. "ಕೆಟ್ಟರೆ?" ಎಂದೆ.

"ಕೆಟ್ರೆ ನಿಮ್ಮ ಹೊಲದ ಕಡೆ ಮತ್ತೆ ತಲೆ ಹಾಕಲ್ಲ ಬುಡಿ. ಊರೋರು ನಗೋದ ಸಾಯೋಗಂಟ ಕೇಳ್ಕೊಂಡಿರ್ತೀನಿ."

ಅಷ್ಟು ಹೇಳಿ ಚಪ್ಪಲಿ ಬಿಟ್ಟಳು. ಹೊಸಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ನಾನು ದಾರಿ ಬಿಟ್ಟು ಸರಿದೆ. ಹೊರಬಂದಾಗ ಅವಳ ಕೈಯಲ್ಲೊಂದು ಎಲೆಯಿತ್ತು. ಅಂಚಿನವರೆಗೂ ಹಳದಿ ತಿರುಗಿ, ಬೆರಳಿಗೆ ಸುತ್ತಿದರೆ ಬಟ್ಟೆಯ ಹಾಗೆ ಸುತ್ತಿಕೊಳ್ಳುತ್ತಿತ್ತು. ನಾನು ಏಣಿ ಹತ್ತಿ ಕಿಂಡಿ ತೆಗೆದೆ.

ಮುಂದಿನ ನಾಲ್ಕು ದಿನ ನನ್ನ ಬ್ಯಾರನ್‌ಗೆ ನಾನೇ ಸೌದೆ ಹೊರುವ ಆಳು. "ಎರಡು ಕೊರಡು ಸಾಕು", "ಆ ಹಸಿ ಸೌದೆ ಆಚೆಗಿಡಿ", "ಈಗ ಮೇಲಿನ ಕಿಂಡಿ ಮುಚ್ಚಿ" ಎಂದು ಅವಳು ಹೇಳುವುದು, ನಾನು ಮಾಡುವುದು. ಥರ್ಮಾಮೀಟರಿನ ಕಡೆ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ನಾನು ಕದ್ದು ಕದ್ದು ನೋಡುತ್ತಿದ್ದೆ. ಪ್ರತಿ ಸಲವೂ ಅದು ಇರಬೇಕಾದಲ್ಲೇ ಇತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಬಾಗಿಲು ತೆರೆಯುವ ದಿನ ಬೆಳಿಗ್ಗೆ ಚಿಕ್ಕಮಾದಯ್ಯ ಊರಿಂದ ಬಂದ. ಸೊಪ್ಪು ಕಟ್ಟಿದ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದರು. ಕೆಂಪಾಜಮ್ಮ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು ದೂರ ನಿಂತಿದ್ದಳು. ಬಾಗಿಲು ತೆರೆದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೇ ಬಣ್ಣ. ಇಪ್ಪತ್ತು ವರ್ಷದಲ್ಲಿ ನನ್ನ ಬ್ಯಾರನ್‌ನಲ್ಲಿ ಅಂಥ ಸೊಪ್ಪು ಇಳಿದಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಚಿಕ್ಕಮಾದಯ್ಯ ಒಂದು ಎಲೆ ಹಿಡಿದು ಹಿಚುಕಿದ, ಮೂಸಿದ, ಬೆಳಕಿಗೆ ಹಿಡಿದ. "ಪರ್ವಾಗಿಲ್ಲ ಕಣ್ರೀ ಸ್ವಾಮಣ್ಣ, ನಿಮ್ಮ ಕೈಯೂ ಪಳಗ್ಯದೆ," ಎಂದ.

"ನನ್ನ ಕೈಯಲ್ಲ," ಎಂದು ಕೆಂಪಾಜಮ್ಮನನ್ನು ತೋರಿಸಿದೆ.

ಅವನು ಅವಳನ್ನೂ ಎಲೆಯನ್ನೂ ಒಂದೆರಡು ಸಲ ನೋಡಿದ. ಆಮೇಲೆ ಹೆಗಲ ಟವೆಲ್ಲನ್ನು ನೆಲಕ್ಕೆ ಹಾಸಿ, ಹೆಂಗಸರ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. "ಕೆಂಪಾಜಿ, ನೀನ್ ಸುಧಾರ್ಸ್ಕೊ. ಈ ಸೊಪ್ಪ ನಾನ್ ಬಿಚ್ತೀನಿ," ಎಂದ. ಗಂಡಸು ಸೊಪ್ಪು ಬಿಚ್ಚಿದ್ದನ್ನು ನಮ್ಮೂರು ಅವತ್ತೇ ನೋಡಿದ್ದು. ಹೆಂಗಸರು ಮತ್ತೆ ನಕ್ಕರು. ಈ ಸಲ ಕೆಂಪಾಜಮ್ಮನೂ ನಕ್ಕಳು.

ತಿಂಗಳ ಮೇಲೆ ಸ್ಪಂದನಾ ತನ್ನ ಹಾಳೆಗಳ ಜೊತೆ ಬಂದಳು. ಕೆಂಪಾಜಮ್ಮ ಒಲೆ ಮುಂದೆ ಕೂತಿದ್ದಳು. ಹುಡುಗಿ ಬರೆದದ್ದನ್ನು ಓದುತ್ತ, "ಉದ್ಯೋಗ, ಕೂಲಿ. ಸರಿ ಇದೆಯಾ?" ಎಂದು ಮತ್ತೆ ನನ್ನ ಮುಖ ನೋಡಿದಳು. "ಅವಳನ್ನೇ ಕೇಳಮ್ಮ," ಎಂದೆ.

"ಅದ ಹೊಡ್ದಾಕು. ಬ್ಯಾರನ್ ಬೇಯಿಸೋಳು ಅಂತ ಬರಿ," ಎಂದಳು ಕೆಂಪಾಜಮ್ಮ.

"ಮತ್ತೆ ನಿಮ್ಮ ಆಸೆ?"

"ಅದ್ನೂ ಹೊಡ್ದಾಕವ್ವ. ಅದಾಯ್ತು."

"ಹಾಗಾದ್ರೆ ಬೇರೆ ಆಸೆ ಏನಂತ ಬರೀಲಿ?"

ಕೆಂಪಾಜಮ್ಮ ಬ್ಯಾರನ್ ಕಡೆ ಮೂಗೆತ್ತಿ ಒಮ್ಮೆ ಮೂಸಿದಳು. "ಈಗ ಪುರುಸೊತ್ತಿಲ್ಲ ಕಣವ್ವ. ಬಣ್ಣ ತಿರುಗೋ ಹೊತ್ತು. ಆಮೇಕ್ ಬಾ, ಹೇಳ್ತೀನಿ." ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದಳು.

ನಾನು ಎದ್ದು ಎರಡು ಕೊರಡು ತಂದೆ.