ಮದುವೆಯ ಬ್ಯಾಂಡು, ಕಾರಿನ ಮೇಲೆ ಮಳೆ

ಕ್ರಿಸ್ಟಿನಾಗೆ ಸಂಶಯ ಎಂಬುದು ಸಂಬಳ ಕೊಡುವ ಕೆಲಸ. ಗಲ್ಫಿನ ಮುಸಫ್ಫಾದ ಒಂದು ಕ್ಲಿನಿಕ್ಕಿನ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂತು, ಕೆಮ್ಮುತ್ತಾ ಬಂದವರ ಕಾರ್ಡನ್ನೂ ಮುಖವನ್ನೂ ಎರಡೆರಡು ಸಲ ನೋಡಿಯೇ ಒಳಗೆ ಬಿಡುವವಳು. ಈ ಬುದ್ಧಿಯನ್ನು ಮನೆಗೆ ತರಬಾರದೆಂದು ಅವಳಿಗೂ ಗೊತ್ತಿತ್ತು. ಆದರೆ ಗಂಡ ಕ್ಯಾಮಿಲಸ್ ಈಚೆಗೆ ಮಳೆ ಬಂತೆಂದರೆ ಒಬ್ಬನೇ ಕೆಳಗಿಳಿದು ಕಾರಿನಲ್ಲಿ ಕೂರತೊಡಗಿದ್ದ.

ಮಳೆಗೆ ಕಾರಿನಲ್ಲಿ ಕೂರುವುದೇನೋ ಅವರ ಹಳೇ ಪದ್ಧತಿ. ಇಲ್ಲಿನ ಫ್ಲ್ಯಾಟಿನ ಗಾಜಿನಲ್ಲಿ ಮಳೆ ಕಾಣುತ್ತದೆ, ಕೇಳುವುದಿಲ್ಲ. ಹಾಗಾಗಿ ಅಪರೂಪಕ್ಕೆ ನಾಲ್ಕು ಹನಿ ಬಿದ್ದರೆ ಸಾಕು, ಇಬ್ಬರೂ ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಓಡುವವರು. ಮೇಲೆ ಮಳೆ, ಒಳಗೆ ಅವರ ಮದುವೆಯ ಬ್ಯಾಂಡಿನ ರೆಕಾರ್ಡಿಂಗ್. ಊರಿನಲ್ಲಿ ಮೇ ಕೊನೆಗೆ ಆದ ಮದುವೆ ಅದು. ವಾಲ್ಟ್ಸ್ ಕುಣಿತದ ನಡುವೆ ಜಡಿಮಳೆ ಸುರಿದು, ತಗಡು ಶೀಟಿನ ಚಪ್ಪರದ ಸದ್ದೂ ಅದರಲ್ಲಿ ಸೇರಿಕೊಂಡಿತ್ತು. ಕ್ಲಾರಿಯೊನೆಟ್ಟಿನವನು ಮಳೆಗೆ ಸೋಲಲಾರೆ ಎಂದು ಕೆನ್ನೆ ಒಡೆಯುವಷ್ಟು ಜೋರಾಗಿ ಊದಿದ್ದ. ಆ ಜಾಗ ಬಂದಾಗಲೆಲ್ಲ ಇಬ್ಬರಿಗೂ ನಗು. ಮಳೆಗೆ ಅದಕ್ಕಿಂತ ಒಳ್ಳೆಯ ಸಂಗೀತ ಪ್ರಪಂಚದಲ್ಲೇ ಇಲ್ಲವೆಂದು ಅವರ ತೀರ್ಮಾನ.

ಈಗ ಅವನು ಕರೆಯುವುದೇ ಇಲ್ಲ. ಕಳೆದ ಮಳೆಗೆ "ನಾನೂ ಬರ್ತೇನೆ" ಅಂದರೆ, "ಬೇಡ, ನಿನಗೆ ಶೀತ ಆಗ್ತದೆ" ಅಂದುಬಿಟ್ಟ. ಶೀತವಂತೆ!

ಅಲ್ಲಿಂದ ಎಲ್ಲದರಲ್ಲೂ ಹುಳುಕು ಕಾಣತೊಡಗಿತು. ಕೆಲಸ ಮಾಡುವ ಕಬ್ಬಿಣದ ವರ್ಕ್‌ಶಾಪಿನಿಂದ ಮಧ್ಯಾಹ್ನ ಫೋನ್ ಮಾಡುತ್ತಿದ್ದವನು ಈಗ ಬರೀ ಮೆಸೇಜು ಹಾಕುತ್ತಾನೆ. ಪಕ್ಕದಲ್ಲಿ ಯಾರಿದ್ದಾರೋ! ಮಲಗಿದಾಗ ಬೆನ್ನ ಹಿಂದಿನಿಂದ ಏನು ಕೇಳಿದರೂ ಉತ್ತರವಿಲ್ಲ. ಎದುರು ನಿಂತರೆ ಕಣ್ಣು ಬಿಟ್ಟು ಬಾಯಿ ನೋಡುತ್ತಾನೆ. ಒಂದು ದಿನ ಅಡುಗೆಮನೆಯಿಂದಲೇ, "ಈ ಮನೆಯಲ್ಲಿ ಯಾರೋ ಗುಟ್ಟು ನಡೆಸ್ತಾ ಇದ್ದಾರೆ" ಎಂದು ಗಾಳಿಗೆ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲಾದರೂ ಮುಟ್ಟಿ ನೋಡಿಕೊಳ್ಳಬೇಕಲ್ಲ? ಇವನು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ. ಪಳಗಿದ ಕಳ್ಳ, ಎಂದುಕೊಂಡಳು.

ಪಕ್ಕದ ಕೌಂಟರಿನ ಫಿಯೋನಾ ಬೆಂಕಿಗೆ ತುಪ್ಪ ಸುರಿದಳು. "ಗಂಡಸು ಒಬ್ಬನೇ ಕಾರಲ್ಲಿ ಕೂರುದು ಎಂತಕ್ಕೆ ಮಾರಾಯ್ತಿ? ಫೋನಿಗೇ."

ಶನಿವಾರ ಮಧ್ಯಾಹ್ನ ಮತ್ತೆ ಮಳೆ ಬಂತು. ಕ್ಯಾಮಿಲಸ್ ಕೀ ತೆಗೆದುಕೊಂಡು ಇಳಿದ. ಸ್ವಲ್ಪ ಬಿಟ್ಟು ಕ್ರಿಸ್ಟಿನಾ ಹಿಂದೆಯೇ ಇಳಿದಳು. ಕೊಡೆಯಿಲ್ಲದ ಮನೆ, ತಲೆಗೆ ಹಿಡಿದದ್ದು ಬಟ್ಟೆ ಒಗೆಯುವ ಬೇಸಿನ್. ಬೈಯಬೇಕಾದ್ದನ್ನೆಲ್ಲ ಲಿಫ್ಟಿನಲ್ಲೇ ಜೋಡಿಸಿಕೊಂಡಿದ್ದಳು. ಆದರೂ ಕಾರಿನ ಬಾಗಿಲು ತೆರೆದರೆ ಸಂಸಾರ ಅಲ್ಲಿಗೇ ಮುಗಿಯಬಹುದೆಂಬ ಹೆದರಿಕೆ.

ಬ್ಯಾಂಡು ರಸ್ತೆಗೇ ಕೇಳುತ್ತಿತ್ತು. ಹಿಂದಿನ ಬಾಗಿಲು ಕಿತ್ತಂತೆ ತೆರೆದು, "ಯಾರು ಅವಳು?" ಎಂದು ಕಿರುಚಿದಳು.

ಅವನು ತಿರುಗಲಿಲ್ಲ. ಫೋನಿರಲಿಲ್ಲ, ಯಾರೂ ಇರಲಿಲ್ಲ. ಕಣ್ಣು ಮುಚ್ಚಿ, ಒಂದು ಅಂಗೈಯನ್ನು ಕಾರಿನ ಟಾಪಿಗೆ ಒಳಗಿನಿಂದ ಒತ್ತಿ, ಇನ್ನೊಂದನ್ನು ಬಾಗಿಲ ಸ್ಪೀಕರಿನ ಮೇಲೆ ಇಟ್ಟು ಕೂತಿದ್ದ. ಮತ್ತೆ ಕಿರುಚಿದಳು. ಕೊನೆಗೆ ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದು ತಿರುಗಿ, ಅವಳ ತುಟಿಯನ್ನೇ ನೋಡಿದ. ಕ್ರಿಸ್ಟಿನಾಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ದಿನಾ ಕಬ್ಬಿಣ ಉಜ್ಜುವ ಗ್ರೈಂಡರು ಅವನ ಕಿವಿ ತಿಂದಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಮಳೆ ಕೈಗೆ ಸಿಗ್ತದೆ, ಡ್ರಮ್ಮೂ ಸಿಗ್ತದೆ. ಕ್ಲಾರಿಯೊನೆಟ್ ಹೋಯ್ತು. ಕಂಪನಿಗೆ ಗೊತ್ತಾದ್ರೆ ಕೆಲಸ ಖಲಾಸ್," ಎಂದ ಕ್ಯಾಮಿಲಸ್.

"ನನಗೆ ಯಾಕೆ ಹೇಳ್ಲಿಲ್ಲ?" ಒಂದೊಂದೇ ಮಾತು ಬಿಡಿಸಿ ಬಿಡಿಸಿ ಕೇಳಿದಳು.

"ಆ ಜಾಗ ಬಂದಾಗ ನೀನು ನಗ್ತೀಯಲ್ಲ. ನಾನು ಯಾವಾಗ ನಗಬೇಕು ಅಂತ ಗೊತ್ತಾಗುದಿಲ್ಲ."

ಕ್ರಿಸ್ಟಿನಾ ಅವನ ಪಕ್ಕದ ಮುಂದಿನ ಸೀಟಿಗೆ ಬಂದು ರೆಕಾರ್ಡಿಂಗನ್ನು ಮೊದಲಿನಿಂದ ಹಾಕಿದಳು. ಸ್ಪೀಕರಿನ ಮೇಲಿದ್ದ ಅವನ ಕೈಯನ್ನು ತೆಗೆದು ತನ್ನ ಕೈಯೊಳಗೆ ಇಟ್ಟುಕೊಂಡಳು. ಕ್ಲಾರಿಯೊನೆಟ್ಟಿನವನು ಮಳೆಯ ಮೇಲೆ ಏರಿಹೋದ ಆ ಜಾಗ ಬಂದಾಗ ಆ ಕೈಯನ್ನು ಹಿಂಡಿದಳು. ಕ್ಯಾಮಿಲಸ್ ನಕ್ಕ, ಸರಿಯಾಗಿ ಆ ಜಾಗಕ್ಕೇ. ಅವಳಿಗೆ ಮಾತ್ರ ನಗಲಿಕ್ಕಾಗಲಿಲ್ಲ.