ಜವಳಿ ಗಾದಿಯ ಮೇಲೆ ಬೂಟು

ಅಂದಾನಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಗಜೇಂದ್ರಗಡದ ಪೇಟೆಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಮಲ್ಲೇಶಪ್ಪ ಸಾಹುಕಾರರ ಜವಳಿ ಅಂಗಡಿಯ ಗಾದಿ ಏರಿ ಕೂತನೆಂದರೆ ಆ ಸಿಟ್ಟು ಎಲ್ಲಿ ಹೋಗುತ್ತಿತ್ತೋ ಏನೋ. ಗಿರಾಕಿ ಇಡೀ ಕಪಾಟು ಇಳಿಸಲು ಹಚ್ಚಿ ಕೊನೆಗೆ ಬರಿ ಒಂದು ಕರವಸ್ತ್ರ ಕೊಂಡು ಎದ್ದರೂ ಅವನ ಮುಖ ಗಂಟಾಗುತ್ತಿರಲಿಲ್ಲ. ಗೋಡೆಯಿಂದ ಗೋಡೆಗೆ ಹಾಸಿದ ಬಿಳಿ ಗಾದಿ, ಸಡಿಲ ಪಾಯಿಜಾಮ, ಬಿಳಿ ಅಂಗಿ, ಬರಿಗಾಲು. ಚಕ್ಕಳಮಕ್ಕಳ ಹಾಕಿ ಕೂತು ಸೀರೆಯ ಒಂದು ತುದಿ ಹಿಡಿದು ಝಾಡಿಸಿದರೆ ಅದು ಪೂರಾ ಬಿಚ್ಚಿಕೊಂಡು ಗಿರಾಕಿಯ ಮೊಣಕಾಲಿಗೆ ಹೋಗಿ ಮುಟ್ಟಬೇಕು. ಮೀಸೆ ಚಿಗುರುವ ಮೊದಲೇ ಆ ಗಾದಿಗೆ ಬಂದವನು ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡಿದ್ದ.

ಮದುವೆಯ ಜವಳಿ ತೆಗೆಯಲು ಬರುವವರು ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ರೋಣ, ಸವಡಿ, ನರಗುಂದದ ಕಡೆಯಿಂದ ಟೆಂಪೋ ಮಾಡಿಕೊಂಡು ಮನೆಮಂದಿಯೆಲ್ಲ ಬಂದು, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಗಾದಿಯ ಮೇಲೆ ಕಾಲು ಚಾಚಿ ಅರ್ಧ ದಿನ ಕೂರುವವರು. ಚಹಾ ಬರುತ್ತಿತ್ತು, ಮಿರ್ಚಿ ಬರುತ್ತಿತ್ತು, ಬೀಗರ ನಡುವೆ ಒಂದಿಷ್ಟು ಜಗಳವೂ ಆಗುತ್ತಿತ್ತು. ಎಲ್ಲಕ್ಕಿಂತ ಮೊದಲು ಮುಹೂರ್ತದ ಸೀರೆ ಆರಿಸಬೇಕು. ಅದನ್ನು ಅಂಗಡಿಯವನು ಬರಿಗಾಲಲ್ಲಿ ಕೂತು, ಮಡಿಕೆಗೆ ಕುಂಕುಮ ಹಚ್ಚಿ, ಹಿರಿ ಹೆಂಗಸಿನ ಉಡಿಯಲ್ಲಿ ಇಡಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು.

ಮಲ್ಲೇಶಪ್ಪ ತೀರಿಕೊಂಡ ಮೇಲೆ ಮಗ ಕಳಕೇಶ ಅಂಗಡಿಗೆ ಕೂತ. ಹುಬ್ಬಳ್ಳಿಗೆ ಹೋಗಿ ದೊಡ್ಡ ದೊಡ್ಡ ಅಂಗಡಿ ನೋಡಿಕೊಂಡು ಬಂದ. ಬಂದವನೇ ಗಾದಿ ಎತ್ತಿಸಿದ, ಕೌಂಟರ್ ಕೂಡಿಸಿದ, ಬೀದಿಗೆ ಗಾಜಿನ ಬಾಗಿಲು ಹಚ್ಚಿಸಿದ. ಮದುವೆಯ ಜವಳಿಗೆಂದು ಮೂಲೆಯಲ್ಲಿ ಒಂದೇ ಒಂದು ಸಣ್ಣ ಗಾದಿ ಉಳಿಯಿತು, ಅದೂ ಶೋಕಿಗೆ. ಆಮೇಲೆ ಬಂತು ಡ್ರೆಸ್ ಕೋಡ್. ಗಂಡಸರಿಗೆ ಕರಿ ಪ್ಯಾಂಟು, ಒಳಗೆ ಸಿಕ್ಕಿಸಿದ ತುಂಬುತೋಳಿನ ಅಂಗಿ, ಬೆಲ್ಟು, ಟೈ, ಕರಿ ಬೂಟು. ಹೆಂಗಸರಿಗೆ ಗಾಳಿಯಾಡದ ಸಿಂಥೆಟಿಕ್ ಸೀರೆ, ಮೈತುಂಬ ಪಿನ್ನು, ಅವರಿಗೂ ಬೂಟು. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿ ಹಾಕುವ ತನಕ ಯಾರೂ ಕೂರುವಂತಿಲ್ಲ. ಗಜೇಂದ್ರಗಡದ ಬೇಸಿಗೆಯಲ್ಲಿ ಟೈ! ಗುಡ್ಡದ ಕಲ್ಲು ಕಾದು ಊರಿಗೆ ಊರೇ ಬೇಯುವಾಗ ಕೊರಳಿಗೆ ಉರುಲು ಹಾಕಿಕೊಂಡು ನಗುನಗುತ್ತ ಸೀರೆ ತೋರಿಸಬೇಕಂತೆ. ಎಸಿ ಹಾಕಿಸಿದ್ದ, ಇಲ್ಲವೆನ್ನುವಂತಿಲ್ಲ. ತನ್ನ ಗಾಜಿನ ಕೋಣೆಯೊಳಗೆ ಹಾಕಿಸಿದ್ದ.

ಬಟ್ಟೆ ಹೊಲಿಯುವ ಕೆಲಸ ಅಂಗಡಿ ಕಟ್ಟೆಯ ಮೇಲೆ ಮಶಿನ್ನು ಇಟ್ಟುಕೊಂಡಿದ್ದ ಅಬ್ದುಲಮಜೀದನಿಗೆ ಬಂತು. ಅಳತೆ ಕೊಡಲು ಹೋದ ಅಂದಾನಪ್ಪ ಹೇಳಿದ:

"ಸೊಂಟ ಸಡ್ಲ ಇಡಪಾ ಮಜೀದ. ಕುಂದ್ರಾಕ ಬರಬೇಕು."

"ಕುಂದ್ರೂದು ಎಲ್ಲೈತಿ ಅಂದಾನಪ್ಪಣ್ಣ. ಫಿಟ್ಟಿಂಗ್ ಹೊಲಿ ಅಂತ ಸಣ್ಣ ಸಾಹುಕಾರ್ರು ಹೇಳ್ಯಾರ."

"ಅಂದ್ರ ನನ್ನ ಕಂಬಾ ಅಂತ ತಿಳದಾರೇನು?"

ಮಜೀದ ಟೇಪು ಸುತ್ತಿ ಒಳಗಿಟ್ಟ. ಆದರೆ ಪ್ಯಾಂಟಿನ ಹಿಂದಿನ ಹೊಲಿಗೆಯಲ್ಲಿ ಯಾರಿಗೂ ಕಾಣದಂತೆ ಒಂದಿಷ್ಟು ಬಟ್ಟೆ ಜಾಸ್ತಿ ಬಿಟ್ಟು ಕೊಟ್ಟ. ಅವನ ಕೈಲಾದದ್ದು ಅಷ್ಟೇ.

ಟೈ ಹಾಳಾಗಿ ಹೋಗಲಿ, ಅಂದಾನಪ್ಪನಿಗೆ ನಿಜವಾದ ಸಂಕಟ ಇದ್ದದ್ದು ಬೂಟಿನದು. ಅವನಿಗೆ ಸಕ್ಕರೆ ಕಾಯಿಲೆ ಹಳೆಯದು. ಪಾದ ಸದಾ ಜೋಮು ಹಿಡಿದಂತಿರುತ್ತಿತ್ತು. ಕಲ್ಲು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ರೋಣದ ದವಾಖಾನೆಯ ಡಾಕ್ಟರಮ್ಮ ಅವನ ಕಾಲನ್ನು ಕೈಯಲ್ಲಿ ಹಿಡಿದೇ ಹೇಳಿದ್ದಳು: "ಬಿಗಿ ಬೂಟು ಮಾತ್ರ ಹಾಕಬ್ಯಾಡ್ರಿ ಯಜಮಾನ್ರ. ಗಾಯ ಆದ್ರ ನಿಮಗ ತಿಳಿಯಂಗಿಲ್ಲ. ತಿಳಿಯೂದ್ರಾಗ ಕಾಲಿಗೇ ಬರ್ತೈತಿ." ಈಗ ಹುಬ್ಬಳ್ಳಿಯಿಂದ ಮೂಟೆಗಟ್ಟಲೆ ಬಂದ ಬೂಟುಗಳಲ್ಲಿ ಅವನ ಅಳತೆಯದು ಇರಲೇ ಇಲ್ಲ. ಇದ್ದದ್ದರಲ್ಲಿ ದೊಡ್ಡದನ್ನು ಕೊಟ್ಟರು. ಅದೂ ಬಿಗಿಯೇ.

ಅಂದಾನಪ್ಪ ಗಾಜಿನ ಕೋಣೆಯೊಳಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ಕಳಕೇಶ ಮೊಬೈಲಿನಿಂದ ತಲೆ ಎತ್ತಿದ. ಚಿಕ್ಕಂದಿನಿಂದ ಕಾಕಾ, ಕಾಕಾ ಎಂದು ಅವನ ಹೆಗಲೇರಿ ಬೆಳೆದ ಹುಡುಗ ಈಗ ಬಾಯಿತುಂಬ 'ಅಂದಾನಪ್ಪನವರೇ' ಅನ್ನುವುದನ್ನು ಕಲಿತಿದ್ದ.

"ನೋಡ್ರಿ ಅಂದಾನಪ್ಪನವರ, ಒಬ್ಬರಿಗೆ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ. ರೂಲ್ ಅಂದ್ರ ರೂಲ್."

"ಚಪ್ಪಲಿ ಹಾಕ್ಕೋತೇನ್ರಿ ಸಾಹುಕಾರ್ರ. ಕರೇವ ಹಾಕ್ಕೋತೇನಿ. ಕೌಂಟರ್ ಹಿಂದ ಯಾರ ನೋಡ್ತಾರ?"

"ನಾ ನೋಡ್ತೇನಲ್ರಿ. ಹೊಂದ್ಕೊಳ್ಳಾಕ ಆಗಲಿಲ್ಲಂದ್ರ ಹೇಳ್ರಿ, ಮನ್ಯಾಗ ಆರಾಮ ಇರಬಹುದು."

ಆರಾಮವಂತೆ. ಅಷ್ಟು ವರ್ಷ ಒಂದೇ ಅಂಗಡಿಯಲ್ಲಿ ದುಡಿದವನಿಗೆ ಹೇಳುವ ಮಾತೇ ಅದು? ಅಂದಾನಪ್ಪನ ನಾಲಿಗೆಯ ತುದಿಗೆ ಬಂದದ್ದನ್ನು ಬರೆಯುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಹೊರಗೆ ಬಂದ. ಆ ಸಂಜೆ ಮನೆಯಲ್ಲಿ ಎಲ್ಲವನ್ನೂ ಹೆಂಡತಿ ತಿಪ್ಪವ್ವನ ಮುಂದೆ ಕಾರಿಕೊಂಡ. ನಾಳೆಯಿಂದ ಹೋಗುವುದಿಲ್ಲವೆಂದ. ತಿಪ್ಪವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಈ ವಯಸ್ಸಿನ್ಯಾಗ ನಿಮಗ ಯಾರ ಕೆಲಸಾ ಕೊಡ್ತಾರ? ಒಂದು ಬೂಟಿನ ಸಲುವಾಗಿ ನಮ್ಮ ಅನ್ನಕ್ಕ ನಾವ ಕಲ್ಲು ಹಾಕ್ಕೋಬ್ಯಾಡ್ರಿ. ಎಲ್ಲಾರೂ ಹಾಕ್ಕೊಳ್ಳಾಕತ್ತಿಲ್ಲೇನು? ಬಾಯಿ ಮುಚ್ಕೊಂಡು ಹಾಕ್ಕೊಂಡು ಹೋಗ್ರಿ."

ಬಾಯಿ ಮುಚ್ಚಿಕೊಂಡು ಹಾಕಿಕೊಂಡು ಹೋದ. ಅದೇ ಅವನು ಮಾಡಿದ ತಪ್ಪು.

ನಿಂತು ನಿಂತು ಮೀನಖಂಡ ಬಿಗಿದು ಕಲ್ಲಾಗುತ್ತಿತ್ತು. ಕಾಲರಿನೊಳಗೆ ಬೆವರುಸಾಲೆ ಎದ್ದು ಉರಿಯುತ್ತಿತ್ತು. ಪಕ್ಕದ ಕೌಂಟರಿನ ಪುಷ್ಪಾವತಿ, ಪಾಪ, ನಡು ಹಿಡಿದುಕೊಂಡಾಗಲೆಲ್ಲ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಗೋಡೆಗೆ ಆತು ನಿಂತು ಬರುತ್ತಿದ್ದಳು. ಅಲ್ಲೂ ಇದ್ದ ಸ್ಟೂಲನ್ನು ತೆಗೆಸಿದ್ದರು. ಹಳ್ಳಿಯ ಗಿರಾಕಿಗಳು ಗಾಜಿನ ಬಾಗಿಲ ಹೊರಗಿನಿಂದ ಹಣಿಕಿ ಹಾಕಿ, ಒಳಗಿನ ಟೈಗಳನ್ನು ನೋಡಿ ಹಿಂದೆ ಸರಿಯುತ್ತಿದ್ದರು. ಒಂದು ದಿನ ಸವಡಿಯ ಪರಶಪ್ಪ ಬಂದ. ಮನೆಯ ಹಬ್ಬಹುಣ್ಣಿಮೆಯ ಬಟ್ಟೆಯನ್ನೆಲ್ಲ ಅಂದಾನಪ್ಪನ ಕೈಯಿಂದಲೇ ಕೊಂಡವನು. ಈಗ ಅದೇ ಅಂದಾನಪ್ಪನ ಎದುರಿಗೇ ನಿಂತು ಕೈಮುಗಿದು ಕೇಳಿದ:

"ಸಾಹೇಬ್ರ, ಇಲ್ಲೆ ಅಂದಾನಪ್ಪ ಅಂತ ಒಬ್ಬಾಂವ ಇದ್ನಲ್ರಿ, ಅದಾನೋ ಬಿಟ್ಟಾನೋ?"

"ಸತ್ತಾನ," ಅಂದ ಅಂದಾನಪ್ಪ.

ಪರಶಪ್ಪ ದನಿಯ ಮೇಲೆ ಗುರುತು ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಾನಪ್ಪನಿಗೆ ನಗು ಬರಲಿಲ್ಲ. ಮಗಳು ರಾಜೇಶ್ವರಿಯ ಮದುವೆ ಗೊತ್ತಾಗಿದೆ, ಮುಂದಿನ ವಾರ ಅವ್ವನನ್ನು ಕರೆದುಕೊಂಡು ಜವಳಿಗೆ ಬರುತ್ತೇವೆ ಎಂದು ಹೇಳಿ ಪರಶಪ್ಪ ಹೋದ.

ಆ ವಾರದಲ್ಲೇ ಬಲಗಾಲಿನ ಹೆಬ್ಬೆರಳ ಪಕ್ಕ ಬೊಬ್ಬೆ ಎದ್ದಿತು. ನೋವಿಲ್ಲ. ನೋವಿಲ್ಲದ್ದು ಗಾಯವೇ ಅಲ್ಲ ಅಂದುಕೊಂಡ ಅಂದಾನಪ್ಪ. ಡಾಕ್ಟರಮ್ಮ ಹೇಳಿದ್ದು ನೆನಪಿಗೆ ಬರಲಿಲ್ಲವೆಂದಲ್ಲ, ಬಂತು. ಆದರೆ ಆಸ್ಪತ್ರೆಗೆ ಹೋದರೆ ಅವಳು ಬೂಟು ಬಿಡು ಅನ್ನುತ್ತಾಳೆ, ಬೂಟು ಬಿಟ್ಟರೆ ಕಳಕೇಶ ಅಂಗಡಿ ಬಿಡು ಅನ್ನುತ್ತಾನೆ. ಹಿತ್ತಲಲ್ಲಿ ತಾನೇ ಕಾಲು ತೊಳೆದು, ಅರಿಷಿಣ ಮೆತ್ತಿ, ತಿಪ್ಪವ್ವನಿಗೆ ಕಾಣದಂತೆ ಚಿಂದಿ ಸುತ್ತಿಕೊಂಡು ಅದರ ಮೇಲೆ ಸಾಕ್ಸು ಏರಿಸಿದ. ಬೂಟು ಇನ್ನಷ್ಟು ಬಿಗಿಯಾಯಿತು. ಆಮೇಲೆ ಆ ಚಿಂದಿ ಬಿಚ್ಚಿ ನೋಡಲೇ ಇಲ್ಲ.

ಜವಳಿಯ ದಿನ ಸವಡಿಯವರು ಟೆಂಪೋ ತುಂಬ ಬಂದರು. ಕಳಕೇಶನೇ ಬಾಗಿಲಲ್ಲಿ ನಿಂತು ಬರಮಾಡಿಕೊಂಡು ಮೂಲೆಯ ಗಾದಿಯ ಮೇಲೆ ಕೂರಿಸಿದ. ಪರಶಪ್ಪನ ತಾಯಿ ಚನ್ನವ್ವ ನಡುವೆ ಕೂತಳು, ಪಕ್ಕದಲ್ಲಿ ಮದುಮಗಳು ರಾಜೇಶ್ವರಿ. ಅಂದಾನಪ್ಪ ಗಾದಿಯ ಅಂಚಿನಲ್ಲಿ ನಿಂತುಕೊಂಡೇ ಸೀರೆ ಬಿಚ್ಚಿ ತೋರಿಸಿದ. ನಿಂತು ಬಿಚ್ಚಿದ ಸೀರೆ ಎಲ್ಲೆಂದರಲ್ಲಿ ಬೀಳುತ್ತಿತ್ತು. ಹಸಿರು ಅಂಚಿನ ಒಂದು ಕೆಂಪು ಸೀರೆ ಎಲ್ಲರಿಗೂ ಮನಸ್ಸಿಗೆ ಬಂತು. ಕುಂಕುಮದ ಬಟ್ಟಲು ಬಂತು. ಅಂದಾನಪ್ಪ ಹಾಗೇ ಬಗ್ಗಿ ಕೊಡಲು ಹೋದಾಗ ಚನ್ನವ್ವ ಉಡಿ ಒಡ್ಡಲಿಲ್ಲ.

"ಕುಂತು ಕೊಡೋ ತಮ್ಮಾ. ಕಾಲಾಗಿಂದು ಕಳಿ. ಬೂಟಗಾಲಾಗ ನಿಂತು ಕೊಟ್ಟ ಸೀರಿ ನನ್ನ ಮೊಮ್ಮಗಳ ಮೈಮ್ಯಾಲ ಹಾಕಂಗಿಲ್ಲ ನಾ."

ಅಂದಾನಪ್ಪ ಕಳಕೇಶನ ಮುಖ ನೋಡಿದ.

"ಕಳೀರಿ, ಕಳೀರಿ. ಲಗೂ," ಅಂದ ಕಳಕೇಶ, ಮುಖದ ತುಂಬ ನಗೆ ತಂದುಕೊಂಡು.

ನೋಡಿ ಹೇಗಿದೆ. ಡಾಕ್ಟರಮ್ಮ ಬೇಡವೆಂದರೂ ರೂಲು, ಇವನು ಕಾಲು ಹಿಡಿದು ಬೇಡಿಕೊಂಡರೂ ರೂಲು. ದೊಡ್ಡ ಜವಳಿಯ ಗಿರಾಕಿ ಒಂದು ಮಾತು ಅಂದ ಕೂಡಲೇ ರೂಲು ಗಾಳಿಗೆ ಹಾರಿಹೋಯಿತು. ಅಂದಾನಪ್ಪನ ಕಿವಿಯೆಲ್ಲ ಬಿಸಿಯಾಯಿತು. ಕೂತ. ದಾರ ಬಿಚ್ಚಿದ. ಎಡಗಾಲಿನದು ಬಂತು. ಬಲಗಾಲಿನದು ಬರಲಿಲ್ಲ. ಸಿಟ್ಟಿನಲ್ಲಿ ಎರಡೂ ಕೈಯಿಂದ ಜಗ್ಗಿದ. ಬೂಟಿನ ಜೊತೆ ಸಾಕ್ಸೂ ಚಿಂದಿಯೂ ಕಿತ್ತುಕೊಂಡು ಬಂದವು.

ಮೊದಲು ವಾಸನೆ ಬಂತು. ರಾಜೇಶ್ವರಿ ಮೂಗಿಗೆ ಸೆರಗು ಹಿಡಿದಳು. ಬೆರಳು ಕಪ್ಪಾಗಿತ್ತು, ಅದರಿಂದ ಕೀವು ರಕ್ತ ಎರಡೂ ಇಳಿದು ಬಿಳಿ ಗಾದಿಯ ಮೇಲೆ ಹರಡುತ್ತಿತ್ತು. ಅಂದಾನಪ್ಪ ಅದನ್ನು ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡುತ್ತ ಕೂತ. ಆಗಲೂ ನೋವಾಗಲಿಲ್ಲ. ಒಂದು ಕೈಯಲ್ಲಿ ಮುಹೂರ್ತದ ಸೀರೆಯನ್ನು ಮಾತ್ರ ತಾಗದಂತೆ ಎತ್ತರಕ್ಕೆ ಹಿಡಿದುಕೊಂಡಿದ್ದ.

"ಗಾದಿ ಬಿಟ್ಟು ಇಳೀರಿ ಮೊದಲ," ಅಂದ ಕಳಕೇಶ. ಆಮೇಲೆ ಚನ್ನವ್ವನ ಕಡೆ ತಿರುಗಿದ. "ಅಜ್ಜಿ, ನೀವು ಈ ಕಡೆ ಬರ್ರಿ. ಬ್ಯಾರೇದವ್ರನ್ನ ಕರೀತೇನಿ, ಬ್ಯಾರೆ ಸೀರಿ ತೋರಸ್ತಾರ."

ಚನ್ನವ್ವ ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ನಿನ್ನ ಗಾದಿ ಕಾಣ್ತು, ಅವನ ಕಾಲು ಕಾಣಲಿಲ್ಲೇನೋ ನಿನಗ? ಪರಶ್ಯಾ, ಏಳು. ಜವಳಿ ಹಾಳಾಗಲಿ. ಮೊದಲ ಇವನ್ನ ಟೆಂಪೋದಾಗ ಹಾಕು."

ಜವಳಿಗೆ ಬಂದ ಟೆಂಪೋದಲ್ಲೇ ಅಂದಾನಪ್ಪ ಗದಗಿನ ಆಸ್ಪತ್ರೆಗೆ ಹೋದ. ಹೊರಡುವ ಮುನ್ನ ಪುಷ್ಪಾವತಿ ತನ್ನ ಕೌಂಟರಿನಿಂದ ಹೊಸ ಟವೆಲ್ಲೊಂದನ್ನು ಹರಿದು ತಂದು ಅವನ ಕಾಲಿಗೆ ಸುತ್ತಿದಳು. ಯಾರನ್ನೂ ಕೇಳಲಿಲ್ಲ. ಗದಗಿನಲ್ಲಿ ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಇನ್ನೊಂದು ವಾರ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಅಂದರು. ತಿಪ್ಪವ್ವ ಮಂಚದ ಪಕ್ಕ ಕೂತು, ನಾನೇ ಹಾಕಿಕೊಂಡು ಹೋಗಿರಿ ಅಂದೆನಲ್ಲ ಎಂದು ಹಣೆ ಹಣೆ ಬಡಿದುಕೊಂಡಳು. ಅಂದಾನಪ್ಪ ಅವಳ ಕೈ ಹಿಡಿದುಕೊಂಡ. ಅವಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ತನ್ನ ಮೇಲೆ ಇತ್ತು. ಬೈಯಬೇಕಾದ ಕಡೆ ಬಾಯಿ ಮುಚ್ಚಿಕೊಂಡು ಬಂದದ್ದಕ್ಕೆ ಒಳಗೇ ಕುದಿಯುತ್ತಿದ್ದ.

ಮನೆಗೆ ಬಂದ ಮೇಲೆ ಒಂದು ಮುಂಜಾನೆ ಕಳಕೇಶ ಬಾಳೆಹಣ್ಣು ಹಿಡಿದುಕೊಂಡು ಬಂದ. ಹೊಸ್ತಿಲ ಒಳಗೆ ಬೂಟು ಬಿಟ್ಟು, ಕುರ್ಚಿ ಎಳೆದುಕೊಂಡು ಕೂತ.

"ಹ್ಯಾಂಗದೀ ಕಾಕಾ?"

ಕಾಕಾ ಅನ್ನುವುದು ಮತ್ತೆ ನೆನಪಾಗಿತ್ತು.

"ಏನೂ ಕಾಳಜಿ ಮಾಡಬ್ಯಾಡ. ನಿನ್ನ ಕೆಲಸಾ ಎಲ್ಲೂ ಹೋಗಂಗಿಲ್ಲ. ಚಪ್ಪಲಿ ಹಾಕ್ಕೊಂಡ ಬಾ, ಪಾಯಿಜಾಮಾನೂ ನಡೀತೈತಿ. ನಿನಗಷ್ಟ ಬಿಟ್ಟೇನಿ. ಒಂದೇನಪಾ ಅಂದ್ರ, ಮ್ಯಾಲ ಗೋಡೌನಿನ್ಯಾಗ ಇರು. ಗಿರಾಕಿ ಮುಂದ ಬರಬ್ಯಾಡ. ಆವತ್ತ ಆದದ್ದು ಜನ ಮರೀಬೇಕಲ್ಲ."

"ಉಳದವ್ರು?"

"ಯಾರು?"

"ಪುಷ್ಪಾವತಿ. ಉಳದ ಮಂದಿ. ಅವ್ರು ಕುಂದರಬಹುದೇನು? ಬೂಟು ಬಿಡಬಹುದೇನು?"

ಕಳಕೇಶ ಸಣ್ಣಗೆ ನಕ್ಕ. ತಿಳಿಯದ ಮುದುಕನಿಗೆ ತಿಳಿಹೇಳುವವರು ನಗುವ ನಗೆ ಅದು.

"ಅವ್ರಿಗ್ಯಾಕ ಕಾಕಾ? ಅವ್ರ ಕಾಲು ಚಲೋ ಅದಾವಲ್ಲ."

ಅಂದಾನಪ್ಪ ಗೋಡೆ ಹಿಡಿದು ಎದ್ದು ನಿಂತ. ಬ್ಯಾಂಡೇಜಿನ ಕಾಲು ನೆಲಕ್ಕೆ ಊರಿತು. ಮಲ್ಲೇಶಪ್ಪನ ಮಗನನ್ನು ಅವನು ಅಂಗಡಿಗೆ ಕೂತ ದಿನದಿಂದ ಬಹುವಚನದಲ್ಲೇ ಮಾತಾಡಿಸಿದ್ದ. ಅವತ್ತು ಅದನ್ನು ಬಿಟ್ಟ.

"ನೀ ಬೂಟು ಹಾಕ್ಸೂತನಕಾ ನಂದೂ ಚಲೋನ ಇತ್ತಲೇ. ಏಳು. ನಿನ್ನ ಹಣ್ಣು ತಗೊಂಡ ಏಳು. ಮತ್ತೊಮ್ಮೆ ನನ್ನ ಕಾಕಾ ಅಂದ್ರ ಚಲೋ ಇರಂಗಿಲ್ಲ."

ಕಳಕೇಶನ ಮುಖ ಕಪ್ಪಿಟ್ಟಿತು. ಬಾಗಿಲ ಹತ್ತಿರ ಹೋಗಿ ಬೂಟಿನೊಳಗೆ ಕಾಲು ತೂರಿಸಿ ದಾರ ಕಟ್ಟಲು ಬಗ್ಗಿದ. ಇಷ್ಟೊತ್ತು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದ ತಿಪ್ಪವ್ವ ಎದ್ದು ಬಂದು ಅವನ ತಲೆಯ ಮೇಲೆಯೇ ನಿಂತಳು.

"ಇಲ್ಲೆ ಹಾಕ್ಕೋಬ್ಯಾಡ," ಅಂದಳು. "ಕೈಯಾಗ ಹಿಡ್ಕೊಂಡು ಹೊರಗ ನಡಿ."